ಕೆಂಪು ಗರಿ ಎಡಕ್ಕೆ

ಜೂನ್ 4, ಬುಧವಾರ

ಬಾಣಗಳು ವಾಪಸ್ ಬಂದಿವೆ. ಅಕ್ಕ ತಾನೇ ತಂದುಕೊಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವಳಿರುವುದು ನನ್ನ ತಲೆಯ ಮೇಲಿನ ಮನೆಯಲ್ಲಿ. ಮೆಟ್ಟಿಲಿಳಿದರೆ ನನ್ನ ಕೆಲಸದ ಕೋಣೆ. ಆದರೂ ಅವುಗಳನ್ನು ಬಿಲ್ಲಿನ ಅಂಗಳದ ಕಾರ್ಯದರ್ಶಿಯ ಕೈಯಲ್ಲಿ ಕಳಿಸಿದ್ದಾಳೆ. ಆತ ಬಾಗಿಲಲ್ಲಿ ನಿಂತು, ಚೀಲದಿಂದ ಒಂದೊಂದೇ ಬಾಣ ತೆಗೆದು ಮೇಜಿನ ಮೇಲಿಟ್ಟ.

"ಏನು ಬಾಣದವರೇ, ಇತ್ತೀಚೆಗೆ ಕೈ ಸ್ವಲ್ಪ ಸೋತಿದೆಯಂತೆ?"

"ಯಾರು ಹೇಳಿದ್ದು?"

"ನಿಮ್ಮಕ್ಕನೇ. ಎಲ್ಲರ ಎದುರಿಗೆ ಹೇಳಿದ್ರು. ಈ ಸಲ ನನ್ನ ತಮ್ಮ ಕೆಟ್ಟ ಬಾಣ ಮಾಡಿದಾನೆ, ಬಾಲ ಒದರಿಕೊಂಡು ಎಲ್ಲೆಲ್ಲೋ ಹೋಗತ್ತೆ ಅಂತ."

ಎಲ್ಲರ ಎದುರಿಗೆ! ಸಿಟ್ಟು ಇಳಿಯಲಿ ಅಂತ ಮೊದಲಿಂದ ಬರೆಯುತ್ತೇನೆ, ಇದನ್ನು ಓದುವವರು ಬೇರೆ ಯಾರೂ ಇಲ್ಲ. ನನ್ನ ಅಕ್ಕ ಬಿಲ್ಲುಗಾರ್ತಿ. ಊರಂಚಿನ ಬಿಲ್ಲಿನ ಅಂಗಳದಲ್ಲಿ ಹೊಸಬರಿಗೆಲ್ಲ ಕಲಿಸುವವಳು ಅವಳೇ. ಹುಡುಗಿಯಾಗಿದ್ದಾಗಿನಿಂದ ಹೊಡೆದದ್ದೆಲ್ಲ ನಾನು ಮಾಡಿದ ಬಾಣ. ಅವಳು ಗೆದ್ದು ಬಂದಾಗ ಜನ ಅವಳ ಕೈ ಹಿಡಿದು ಕುಲುಕಿದರು, ಕಣ್ಣು ಹೊಗಳಿದರು, ನಿಂತ ಭಂಗಿ ಹೊಗಳಿದರು. ಬಾಣ ಯಾರದು ಅಂತ ಒಬ್ಬನಾದರೂ ಕೇಳಿದನೇ? ಈಗ ಗುರಿ ತಪ್ಪಿತು ನೋಡಿ, ಊರಿಗೆಲ್ಲ ತಮ್ಮನ ಬಾಣ ನೆನಪಾಯಿತು. ಗೆದ್ದರೆ ಅಕ್ಕನ ಕೈ, ಸೋತರೆ ತಮ್ಮನ ಬಾಣ.

ಚಳಿಗಾಲದಲ್ಲಿ ಅಂಗಳದ ಕಬ್ಬಿಣದ ಗೇಟು ಗಾಳಿಗೆ ಬಡಿದು ಅವಳ ಬಲಗೈ ಬೆರಳುಗಳು ಸಿಕ್ಕಿಕೊಂಡವು. ಅವು ಇನ್ನು ಮಡಚುವುದಿಲ್ಲ. ಅಂಗೈಯಿಂದ ಬಿಲ್ಲನ್ನು ಒತ್ತಿ ಹಿಡಿಯಬಹುದು, ಹೆದೆ ಎಳೆಯಲಾಗದು. ಬೇರೆಯವರಾಗಿದ್ದರೆ ಬಿಲ್ಲನ್ನು ಗೋಡೆಗೆ ನೇತುಹಾಕಿ ಸುಮ್ಮನಾಗುತ್ತಿದ್ದರು. ಇವಳು ಬಿಲ್ಲನ್ನು ಬಲಗೈಗೆ ದಾಟಿಸಿಕೊಂಡು ಎಡಗೈಯಲ್ಲಿ ಎಳೆಯಲು ಹೊರಟಿದ್ದಾಳೆ. ಅದಕ್ಕೆ ಹಗುರವಾದ ಹೊಸ ಬಿಲ್ಲು, ಆ ಬಿಲ್ಲಿಗೆ ತೆಳುಕಡ್ಡಿಯ ಹೊಸ ಬಾಣ. ಅವೇ ಈಗ ಮೇಜಿನ ಮೇಲೆ ಬಿದ್ದಿರುವುದು. ತಿಂಗಳ ಕೊನೆಯ ಭಾನುವಾರ ಅಂಗಳದ ಸಮಿತಿಯವರ ಮುಂದೆ ಅವಳು ಹೊಡೆದು ತೋರಿಸಬೇಕು. ಬಾಣಗಳು ಗುರಿಯಲ್ಲಿ ಒಟ್ಟಿಗೆ ನಿಂತರೆ ಅವಳೇ ಕಲಿಸುವವಳು. ಇಲ್ಲದಿದ್ದರೆ ಕಾರ್ಯದರ್ಶಿಯ ಭಾಮೈದ.

ತಪ್ಪಿದರೆ ಯಾರ ಹೆಸರು ಹೇಳುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು.

ಜೂನ್ 5, ಗುರುವಾರ

ಬೆಳಿಗ್ಗೆ ಎದ್ದವನೇ ಹಿತ್ತಲ ಗೋಡೆಗೆ ಹುಲ್ಲಿನ ಕಟ್ಟು ಒರಗಿಸಿ ಒಂದೊಂದು ಬಾಣವನ್ನೂ ಹೊಡೆದು ನೋಡಿದೆ. ನಾನೇನು ದೊಡ್ಡ ಬಿಲ್ಲುಗಾರನಲ್ಲ, ಮಾಡಿದ್ದನ್ನು ಪರೀಕ್ಷಿಸುವಷ್ಟು ಬರುತ್ತದೆ. ಎಲ್ಲವೂ ನೆಟ್ಟಗೆ ಹೋಗಿ ನಾಟಿದವು. ಕಣ್ಣಿಗೆ ಹಬ್ಬ!

ಹೆಂಡತಿ ಬಟ್ಟೆ ಒಣಹಾಕುತ್ತಾ ನಿಂತಿದ್ದವಳು, "ನೀವು ಬಲಗೈಯಲ್ಲಿ ಎಳೀತಿದೀರಲ್ಲ. ಅತ್ತಿಗೆ ಎಳೆಯೋದು ಎಡಗೈಯಲ್ಲಿ" ಅಂದಳು.

"ನಾನು ಬಾಣ ಮಾಡೋನು. ಸರ್ಕಸ್ ಮಾಡೋನಲ್ಲ."

"ಹೇಳಿದೆ ಅಷ್ಟೇ ರೀ. ನನ್ಮೇಲ್ಯಾಕೆ ಹಾರ್ತೀರ?"

ಬಾಣಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅಕ್ಕ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ನೆಟ್ಟಗೆ ಹಾರ್ತಿದೆ ಅಕ್ಕ. ಈಗಷ್ಟೇ ಹೊಡೆದು ನೋಡ್ದೆ."

"ನಿನ್ನ ಹಿತ್ತಲಲ್ಲಿ ಹಾರತ್ತೆ. ನನ್ನ ಕೈಲಿ ಹಾರಲ್ಲ."

"ಹಾಗಾದ್ರೆ ತಪ್ಪು ನಿನ್ನ ಕೈಯದು."

ಬಾಯಿಂದ ಬಂದುಹೋಯಿತು. ಅವಳು ನನ್ನನ್ನೇ ನೋಡಿದಳು. "ಬಾಣ ಅಲ್ಲೇ ಇಟ್ಟು ಹೋಗು" ಅಂದು ಬಾಗಿಲು ಹಾಕಿಕೊಂಡಳು. ಚಿಲಕ ಸಿಕ್ಕಿಸಲು ಅವಳು ಪಡುವ ಪಾಡು ಹೊರಗೆ ಕೇಳುತ್ತಿತ್ತು. ಅದು ಬೀಳುವವರೆಗೂ ನಿಂತಿದ್ದೆ. ಅವಳಿಗೊಬ್ಬಳಿಗೇ ಸಿಟ್ಟು ಬರುವುದೋ?

ಜೂನ್ 9, ಸೋಮವಾರ

ನನ್ನ ಬಾಣ ಸರಿಯಿದೆ. ಆದರೂ ಬಾಯಿ ಮುಚ್ಚಿಸಬೇಕಲ್ಲ. ರೆಕ್ಕೆ ಬದಲಾಯಿಸಿ ನೋಡುವುದು ಅಂತ ತೀರ್ಮಾನಿಸಿದೆ.

ಹೆಬ್ಬಾತಿನ ಎಡರೆಕ್ಕೆಯ ಗರಿ ಒಂದು ಕಡೆಗೆ ಬಾಗಿರುತ್ತದೆ, ಬಲರೆಕ್ಕೆಯದು ಇನ್ನೊಂದು ಕಡೆಗೆ. ಒಂದು ಬಾಣದ ಮೂರು ಗರಿಗಳೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಆಗ ಬಾಣ ಹಾರುತ್ತಾ ಒಂದೇ ದಿಕ್ಕಿಗೆ ತಿರುಗುತ್ತದೆ, ತಿರುಗಿದರೆ ಮಾತ್ರ ನೆಟ್ಟಗೆ ಹೋಗುತ್ತದೆ. ಎರಡೂ ಕಡೆಯವನ್ನು ಬೆರೆಸಿದರೆ ಒಂದು ಗರಿ ಇತ್ತ ತಿರುಗಿಸುತ್ತದೆ, ಇನ್ನೊಂದು ಅತ್ತ. ಬಾಣಕ್ಕೆ ದಿಕ್ಕು ತೋಚದು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಯಾವಾಗಲೂ ಬಳಸುವುದು ಎಡರೆಕ್ಕೆ. ಎಳೆಯುವ ಕೈ ಬದಲಾದ ಮೇಲೆ ಬಲರೆಕ್ಕೆ ಹಿಡಿಸಬಹುದೇನೋ ಅಂತ ಒಂದು ಅನುಮಾನ.

ನನ್ನ ಹತ್ತಿರ ಬಲರೆಕ್ಕೆಯ ಗರಿ ಹಿಡಿಯಷ್ಟೂ ಇರಲಿಲ್ಲ. ಬಾತು ಸಾಕುವವಳ ಮನೆಗೆ ಹೋಗಿ ಕಸದ ಮೂಟೆಯಲ್ಲಿ ಕೈಯಾಡಿಸಿದೆ. "ಈ ಮನುಷ್ಯನಿಗೆ ಒಂದು ಕಡೆ ರೆಕ್ಕೆ ಮಾತ್ರ ಬೇಕಂತೆ" ಅಂತ ಆಕೆ ಗಂಡನಿಗೆ ಕೂಗಿ ಹೇಳಿದಳು. ಅವರು ನಗಲಿ. ಮನೆಗೆ ತಂದು, ದಂಟು ಸೀಳಿ, ಉಪ್ಪುಕಾಗದದಲ್ಲಿ ಉಜ್ಜಿ, ಕೆಟಲಿನ ಆವಿ ಹಿಡಿದು, ಒಂದೊಂದನ್ನೂ ಹೊಸ ಕಡ್ಡಿಗಳ ಮೇಲೆ ಕೊಂಚ ಓರೆಗೆ ಕೂರಿಸಿ ಅಂಟಿಸಿದೆ. ಎಂದಿನಂತೆ ಎರಡು ಬಿಳಿ, ಒಂದು ಕೆಂಪು. ಕೆಂಪು ಯಾಕೆಂದರೆ ಬಾಣ ಹೂಡುವಾಗ ಯಾವ ಗರಿ ಯಾವ ಕಡೆಗೆ ಅಂತ ಕೈಗೆ ತಟ್ಟನೆ ತಿಳಿಯಬೇಕು. ಅಂಗಳದಲ್ಲಿ ಅಕ್ಕನ ಮೊದಲ ಪಾಠವೇ ಅದು: ಕೆಂಪು ಗರಿ ಎಡಕ್ಕೆ. ಹೊಸದಾಗಿ ಬಂದವರಿಗೆ ಅವಳು ಅದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸುತ್ತಾಳೆ.

ಬಾಣಗಳನ್ನು ಹೆಂಡತಿಯ ಕೈಯಲ್ಲಿ ಮೇಲಕ್ಕೆ ಕಳಿಸಿದೆ. ನಾನು ಹೋಗಲಿಲ್ಲ, ನನಗೂ ಮಾನವಿದೆ.

ಜೂನ್ 12, ಗುರುವಾರ

ಅವೂ ವಾಪಸ್. "ಇನ್ನೂ ಕೆಟ್ಟದಾಗಿದೆ ಅಂದ್ರು ಅತ್ತಿಗೆ" ಅಂತ ಹೆಂಡತಿ ಬಾಗಿಲ ಹೊರಗೆ ನಿಂತೇ ಹೇಳಿದಳು. ಒಳಗೆ ಬಂದು ಹೇಳಲು ಹೆದರಿಕೆಯಂತೆ.

ಸಂಜೆ ಪಕ್ಕದೂರಿನ ಬಿಲ್ಲುಗಾರರ ಸಂಘದವರು ಬಂದಿದ್ದರು. ಪ್ರತಿವರ್ಷ ಈ ಹೊತ್ತಿಗೆ ಬಾಣಕ್ಕೆ ಹೇಳಿಹೋಗುತ್ತಿದ್ದವರು ಈ ಸಲ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು, ಹವಾಮಾನದ ವಿಚಾರ ಮಾತಾಡಿ ಎದ್ದರು. "ಸ್ವಲ್ಪ ತಡೆದು ಹೇಳ್ತೀವಿ. ನಿಮ್ಮಕ್ಕನವರದು ಏನಾಗತ್ತೋ ನೋಡ್ಕೊಂಡು" ಅಂದರು. ನನ್ನ ಮೇಜಿನ ಮೇಲಿದ್ದ ಬಾಣವನ್ನು ಒಬ್ಬರೂ ಎತ್ತಿ ನೋಡಲಿಲ್ಲ. ಮುಟ್ಟಿದರೆ ಅಂಟುಜಾಡ್ಯ!

ನನಗೆ ಇವತ್ತು ಊಟ ಬೇಡ.

ಜೂನ್ 14, ಶನಿವಾರ

ವಾಪಸ್ ಬಂದ ಬಾಣಗಳನ್ನು ಬೆಳಕಿಗೆ ಹಿಡಿದು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಿಳಿ ಗರಿಗಳು ಹೊಸದರಂತಿವೆ. ಕೆಂಪು ಗರಿ ಮಾತ್ರ ಅಂಚು ಸವೆದು, ಎಳೆ ಬಿಟ್ಟು, ಕೆಲವದರಲ್ಲಿ ಬುಡದಿಂದಲೇ ಎದ್ದುಬಂದಿದೆ. ಒಂದರಲ್ಲಲ್ಲ, ಎಲ್ಲದರಲ್ಲೂ. ಯಾವುದಕ್ಕೂ ತಾಗದೆ ಹೊರಗೆ ಒಂಟಿಯಾಗಿ ನಿಂತು ಹೋಗಬೇಕಾದ ಗರಿ ಅದು, ಬಿಲ್ಲಿನ ಪಕ್ಕ ಸವರಿಕೊಂಡು ಹೋಗುವುದು ಬಿಳಿ ಜೋಡಿ. ಬೇರೆಯವರ ಬಾಣಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಸವೆಯುವುದೇ ಕೆಂಪು.

ಬಣ್ಣದ ದೋಷ! ಇನ್ನೇನು ಇರಲು ಸಾಧ್ಯ? ಬಣ್ಣ ಗರಿಯನ್ನು ಸುಟ್ಟಿದೆ. ನೆಟ್ಟಗೆ ಬಣ್ಣದ ಅಂಗಡಿಗೆ ಹೋಗಿ ಅಂಗಡಿಯವನ ಮುಂದೆ ಬಾಣ ಇಟ್ಟೆ.

"ಇದೇ ಡಬ್ಬದ ಬಣ್ಣ ಊರೆಲ್ಲ ಸೀರೆಗೆ ಹಾಕ್ಕೋತಾರೆ. ಯಾರ ಸೀರೆನೂ ಹರೀಲಿಲ್ಲ. ನಿಮ್ಮ ಬಾತುಕೋಳಿಗೇ ಏನೋ ಆಗಿದೆ, ಡಾಕ್ಟರಿಗೆ ತೋರ್ಸಿ" ಅಂದ ಅವನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅವನ ಜೊತೆ ಜಗಳವಾಡಿ, ಬೇರೆ ಅಂಗಡಿಯಲ್ಲಿ ಬೇರೆ ಕೆಂಪು ಕೊಂಡು ಬಂದೆ. ಸವೆದ ಗರಿಗಳನ್ನೆಲ್ಲ ಕಿತ್ತು ಹೊಸದು ಅಂಟಿಸಿದ್ದಾಯಿತು. ನನ್ನ ತಾಳ್ಮೆಗೆ ಒಂದು ಪದಕ ಕೊಡಬೇಕು ಈ ಊರಿನವರು.

ಜೂನ್ 17, ಮಂಗಳವಾರ

ಬೆಳಗಿನಿಂದ ಮೇಲೆ ಒಂದೇ ಸಮ ಸದ್ದು. ತಟ್ಟೆ ಬೀಳುತ್ತದೆ, ಲೋಟ ಉರುಳುತ್ತದೆ, ಕುರ್ಚಿ ಸರಿದಾಡುತ್ತದೆ. ಗರಿಗೆ ನೂಲು ಸುತ್ತುವಾಗ ಕೈ ಅಲುಗಬಾರದು. ತಲೆಯ ಮೇಲೆ ಪಾತ್ರೆ ಸಂತೆ ನಡೆದರೆ ಸುತ್ತುವುದು ಹೇಗೆ?

"ಹೋಗಿ ಹೇಳು, ಸ್ವಲ್ಪ ಮೆತ್ತಗೆ ಅಂತ" ಅಂದೆ ಹೆಂಡತಿಗೆ.

"ನೀವೇ ಹೋಗಿ ಹೇಳಿ. ಅತ್ತಿಗೆ ಎಡಗೈಯಲ್ಲಿ ಊಟ ಬಡಿಸ್ಕೊಳ್ಳೋದು ಕಲೀತಿದಾರೆ. ನಾನು ಬಡಿಸಕ್ಕೆ ಹೋದ್ರೆ ಕೈ ತಳ್ತಾರೆ. ನೆನ್ನೆ ಕುಪ್ಪಸದ ಗುಂಡಿ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಒದ್ದಾಡಿದ್ರು ಗೊತ್ತಾ? ಹೊರಗೆ ನಿಂತಿದ್ದೆ ನಾನು, ಒಳಗೆ ಹೋಗೋಕೆ ಧೈರ್ಯ ಬರ್ಲಿಲ್ಲ."

ಅದಕ್ಕೆ ನಾನೇನು ಮಾಡಲಿ? ನಾನೇನು ಗೇಟು ಬಡಿದೆನೇ?

ಅಕ್ಕ ಅಂಗಳಕ್ಕೆ ಹೋದ ಹೊತ್ತು ನೋಡಿ ಮೇಲೆ ಹೋಗಿ ಬಾಗಿಲಿನ ಹಳೆಯ ಚಿಲಕ ಕಿತ್ತು, ಅಂಗೈಯಿಂದ ಒತ್ತಿದರೆ ಬೀಳುವಂಥದ್ದು ಹಾಕಿಬಂದೆ. ಆ ಚಿಲಕದ ಕಿರಿಕಿರಿ ನನಗೆ ಕೆಲಸ ಮಾಡಲು ಬಿಡುತ್ತಿರಲಿಲ್ಲ, ಅದಕ್ಕೆ. ತಟ್ಟೆಗಳ ಕೆಳಗೆ ಹಾಸಲು ಒಂದು ದಪ್ಪ ಬಟ್ಟೆಯನ್ನೂ ಇಟ್ಟುಬಂದೆ. ಸದ್ದು ಕಡಿಮೆಯಾಗಲಿ ಅಂತ.

ಜೂನ್ 19, ಗುರುವಾರ

ಹೊಸ ಕೆಂಪು ಹಾಕಿದ ಬಾಣಗಳೂ ವಾಪಸ್. ಅವುಗಳ ಕೆಂಪು ಗರಿಯೂ ಸವೆದಿದೆ. ಜೊತೆಗೆ ಒಂದು ಮಾತು ಬಂದಿದೆ: ಅವನ ಕೈಲಿ ಆಗಲ್ಲ ಅಂದ್ರೆ ಹೇಳಲಿ, ನಾನು ಬೇರೆ ಕಡೆ ನೋಡ್ಕೋತೀನಿ.

ನನ್ನ ಕೈಲಿ ಆಗಲ್ಲವಂತೆ!

ನಾಳೆ ನಾನೇ ಅಂಗಳಕ್ಕೆ ಹೋಗುತ್ತೇನೆ. ಅವಳು ಅಭ್ಯಾಸ ಮಾಡುವಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲವಂತೆ. ಬಿಡದಿದ್ದರೆ ಕದ್ದು ನೋಡುತ್ತೇನೆ. ತಪ್ಪು ಅವಳದೇ ಅಂತ ಕಣ್ಣಾರೆ ನೋಡಿ, ಅದನ್ನು ಎಲ್ಲರ ಎದುರಿಗೇ ಹೇಳುತ್ತೇನೆ. ಅವಳು ಹೇಳಿದ ಹಾಗೆಯೇ.

ಜೂನ್ 20, ಶುಕ್ರವಾರ

ನೋಡಿದೆ. ಅಂಗಳದ ಸಾಮಾನು ಕೋಣೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕ ಬಗ್ಗಿ ನಿಂತು ನೋಡಿದೆ. ಈ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡಿದೆ.

ಅಕ್ಕ ಒಬ್ಬಳೇ ಇದ್ದಳು. ಬಲ ಅಂಗೈಯಲ್ಲಿ ಬಿಲ್ಲು. ಬೆರಳುಗಳು ಹಿಡಿಯದ್ದರಿಂದ ಬಟ್ಟೆಯ ಪಟ್ಟಿಯಿಂದ ಬಿಗಿದುಕೊಂಡಿದ್ದಳು, ಆ ಗಂಟನ್ನು ಹಲ್ಲಿನಿಂದ ಎಳೆದಳು. ಬಾಣಕ್ಕೆ ಕೈ ಹಾಕಿದರೆ ಎರಡು ಬಂದವು, ಒಂದು ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಬಿಲ್ಲು ಕಾಲಿಗೆ ತೊಡರಿತು. ಕಾಲಿಡುವ ಜಾಗ ಹುಡುಕಿದಳು, ಹೆಗಲು ತಿರುಗಿಸಿದಳು, ಮತ್ತೆ ತಿರುಗಿಸಿದಳು. ನನ್ನ ಅಕ್ಕ ಹೀಗೆ ತಡಕಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಆಮೇಲೆ ಬಾಣ ಹೂಡಿದಳು. ಹೆಬ್ಬೆರಳಿನಿಂದ ಕಡ್ಡಿಯನ್ನು ಸವರಿ, ನೋಡದೆಯೇ ಕೆಂಪು ಗರಿಯನ್ನು ಎಡಕ್ಕೆ ತಿರುಗಿಸಿ, ಟಕ್ ಅಂತ ಹೆದೆಗೆ ಕೂರಿಸಿದಳು. ಅಷ್ಟು ಹೊತ್ತಿನಲ್ಲಿ ಅವಳ ಕೈ ತಡವರಿಸದೆ ಮಾಡಿದ ಕೆಲಸ ಅದೊಂದೇ. ಇಷ್ಟು ವರ್ಷ ಹೊಸಬರ ಎದುರು ನಿಂತು, ಯಾವ ಕೈ ಸಿಕ್ಕರೆ ಆ ಕೈಯಲ್ಲಿ ಅವರ ಬಾಣ ಹೂಡಿಕೊಟ್ಟ ರೂಢಿ ಅದು. ಬಾಣ ಬಿಟ್ಟಳು. ಅದು ಬಾಲ ಒದರಿಕೊಂಡು ಹೋಗಿ ಗುರಿಯ ಹಲಗೆಯ ಆಚೆ ಬಿತ್ತು.

ಆಗ ನನಗೆ ಗೊತ್ತಾಯಿತು. ಬಲಗೈಯಲ್ಲಿ ಎಳೆಯುವವರ ಬಾಣ ಬಿಲ್ಲಿನ ಎಡಕ್ಕೆ ಕೂರುತ್ತದೆ. ಹಾಗಾಗಿ ಕೆಂಪು ಎಡಕ್ಕಿದ್ದರೆ ಅದು ಬಿಲ್ಲಿನಿಂದ ಹೊರಗೆ. ಎಡಗೈಯಲ್ಲಿ ಎಳೆಯುವವರ ಬಾಣ ಬಿಲ್ಲಿನ ಬಲಕ್ಕೆ ಕೂರುತ್ತದೆ. ಅಲ್ಲಿ ಕೆಂಪು ಎಡಕ್ಕಿದ್ದರೆ ಅದು ನೇರವಾಗಿ ಬಿಲ್ಲಿನ ಮೈಗೇ ಬಡಿಯುತ್ತದೆ. ಪ್ರತಿ ಬಾಣವೂ ಹೊರಡುತ್ತಲೇ ಬಿಲ್ಲಿಗೆ ಒದ್ದುಕೊಂಡು ಹೊರಡುತ್ತಿದೆ. ಕೆಂಪನ್ನು ಬಲಕ್ಕೆ ತಿರುಗಿಸಿದ್ದರೆ ಮುಗಿದಿತ್ತು. ಇಷ್ಟೇ!

ಅಂಗಳದಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಅಲ್ಲಿ ಎಡಗೈಯವರನ್ನು ಸೇರಿಸಿಕೊಳ್ಳುವುದೇ ಇಲ್ಲ, ಸಾಲಿನಲ್ಲಿ ಎದುರುಬದುರು ನಿಂತರೆ ತೊಂದರೆ ಅಂತ. ಎಲ್ಲರ ಕಣ್ಣಿಗೂ ಕೆಂಪು ಎಡಕ್ಕಿದ್ದರೆ ಸರಿ. ನನ್ನ ಕಣ್ಣಿಗೂ ಹಾಗೇ.

ಬಾಣ ನನ್ನದು ಸರಿ. ಮೊದಲಿನಿಂದಲೂ ಸರಿ.

ಜೂನ್ 21, ಶನಿವಾರ

ಹೇಳಲು ಮೇಲೆ ಹೋದೆ. ಏನು ಹೇಳಬೇಕು ಅಂತ ಮೆಟ್ಟಿಲ ಮೇಲೆ ನಿಂತು ಜೋಡಿಸಿಕೊಂಡೆ. ಕೆಟ್ಟ ಬಾಣ ಅಂದೆಯಲ್ಲ, ಕಲಿಸುವವಳಿಗೇ ಗರಿ ಯಾವ ಕಡೆಗೆ ಅಂತ ಗೊತ್ತಿಲ್ಲ ಅಂತ ಶುರುಮಾಡುವುದು ಅಂದುಕೊಂಡಿದ್ದೆ.

ಬಾಗಿಲು ತೆರೆದೇ ಇತ್ತು. ಅಕ್ಕ ನೆಲದ ಮೇಲೆ ಕೂತು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬೈತಲೆ ಸೊಟ್ಟಗೆ ಬಂದಿತ್ತು.

"ಚಿಲಕ ನೀನಾ ಹಾಕಿದ್ದು?"

"ಹ್ಞೂಂ. ಸದ್ದು ತಡೆಯೋಕಾಗ್ತಿರ್ಲಿಲ್ಲ."

"ಬೈಯೋಕೆ ಬಂದಿದೀಯ ಅಲ್ವಾ? ಬೈ. ಎಲ್ಲರ ಎದುರಿಗೆ ಅಂದೆ, ತಪ್ಪಾಯ್ತು. ಬಾಯಿ ತಡೀಲಿಲ್ಲ ಕಣೋ." ಬಾಚಣಿಗೆ ಕೆಳಗಿಟ್ಟಳು. "ಹಲ್ಲುಜ್ಜೋದು ಹೊಸದು, ಬೀಗ ತೆಗೆಯೋದು ಹೊಸದು, ಸಹಿ ಹಾಕೋದೂ ಹೊಸದು. ಬಾಣ ಹೂಡೋ ಆ ಒಂದು ಗಳಿಗೆ ಮಾತ್ರ ನಾನು ಮೊದಲಿನ ಹಾಗೇ ಇದೀನಿ ಅನ್ಸತ್ತೆ. ಆಮೇಲೆ ಬಾಣ ಹಾಗೆ ಹೋಗತ್ತೆ. ಯಾರ ಮೇಲೆ ಸಿಟ್ಟು ತೀರಿಸ್ಕೊಳ್ಳಲಿ ಹೇಳು? ನೀನೊಬ್ಬ ಇದೀಯಲ್ಲ."

ಬಾಚಣಿಗೆ ತೆಗೆದುಕೊಂಡು ಅವಳ ಬೈತಲೆ ಸರಿ ಮಾಡಿದೆ. ನಾನು ಬಾಚಿದ್ದೂ ಸೊಟ್ಟಗೇ ಆಯಿತು. ಇಬ್ಬರೂ ನಕ್ಕೆವು. ಕೆಳಗೆ ಬಂದ ಮೇಲೆ ನನ್ನ ಮೇಲೆ ನನಗೇ ರೇಗಿತು. ಹೆಂಡತಿ "ಹೇಳಿದ್ರಾ?" ಅಂದಳು. ಅವಳಿಗೆ ನಿನ್ನೆಯೇ ಎಲ್ಲ ಹೇಳಿದ್ದೆ.

"ಇಲ್ಲ."

"ಒಳ್ಳೇದಾಯ್ತು."

"ಏನು ಒಳ್ಳೇದು? ಊರೆಲ್ಲ ನನ್ನ ಹೆಸರು ಹಾಳಾಗ್ತಿದೆ, ನಿಂಗೆ ಒಳ್ಳೇದಾಯ್ತಾ?"

ಈಗ ಅಕ್ಕನಿಗೆ ಹೇಳಿದರೆ ಏನಾಗುತ್ತದೆ ಅಂತ ನನಗೇ ಗೊತ್ತು. ಉಳಿದಿರುವುದು ಒಂದು ವಾರ. ಅವಳ ಕೈಗೆ ನೆನಪಿರುವ ಒಂದೇ ಒಂದು ಕೆಲಸವನ್ನೂ ಕಿತ್ತುಕೊಂಡು, ಇದನ್ನೂ ಹೊಸದಾಗಿ ಕಲಿ ಅಂದ ಹಾಗಾಗುತ್ತದೆ. ಸಮಿತಿಯವರ ಮುಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂತ ತಡಕಾಡಿದರೆ ಮುಗಿಯಿತು. ಕಾರ್ಯದರ್ಶಿ ಕಾದು ಕೂತಿದ್ದಾನೆ. ಗರಿಯ ದಿಕ್ಕೂ ತಿಳಿಯದವಳು ಇಷ್ಟು ವರ್ಷ ಏನು ಕಲಿಸಿದಳು ಅಂತ ಕೇಳುತ್ತಾನೆ. ಅದೇ ವಾಕ್ಯವನ್ನು ನಾನೂ ಮೆಟ್ಟಿಲ ಮೇಲೆ ಜೋಡಿಸಿದ್ದೆ. ಥೂ.

ಜೂನ್ 23, ಸೋಮವಾರ

ಇವತ್ತು ಮಾಡಿದ ಕೆಲಸವನ್ನು ಕಸುಬು ಬಲ್ಲವರು ಯಾರಾದರೂ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಗರಿಗಳ ಜಾಗ ಬದಲಾಯಿಸಲಿಲ್ಲ. ಬಣ್ಣದ ಜಾಗ ಬದಲಾಯಿಸಿದೆ. ಯಾವ ಗರಿ ಒಂಟಿಯಾಗಿ ಹೊರಗೆ ನಿಲ್ಲಬೇಕೋ ಅದನ್ನು ಬಿಳಿಯಾಗಿ ಬಿಟ್ಟು, ಅದರ ಪಕ್ಕದ್ದನ್ನು ಕೆಂಪು ಮಾಡಿದೆ. ಈಗ ಅಕ್ಕ ಎಂದಿನಂತೆ ಕೆಂಪನ್ನು ಎಡಕ್ಕೆ ತಿರುಗಿಸಲಿ. ಕೆಂಪು ಎಡಕ್ಕೆ, ಕೊಂಚ ಮೇಲಕ್ಕೆ ಓರೆಯಾಗಿ ನಿಲ್ಲುತ್ತದೆ, ಒಂಟಿ ಬಿಳಿ ತಾನಾಗಿಯೇ ಬಲಕ್ಕೆ, ಬಿಲ್ಲಿನಿಂದ ಹೊರಗೆ ಬರುತ್ತದೆ. ಬಿಲ್ಲಿಗೆ ಯಾವುದೂ ಬಡಿಯುವುದಿಲ್ಲ. ಎಡಗೈಯಲ್ಲಿ ಹಿತ್ತಲಲ್ಲಿ ನಾನೇ ಎಳೆದು ನೋಡಿದೆ. ಮೊದಲನೆಯದು ಹುಲ್ಲಿನ ಕಟ್ಟಿಗೇ ತಾಗದೆ ಹೆಂಡತಿಯ ಒಣಬಟ್ಟೆಯಲ್ಲಿ ನಾಟಿತು. ಹಾರಿದ್ದು ಮಾತ್ರ ನೆಟ್ಟಗೆ. ಅವಳು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಮಾಡಿದ ಪ್ರತಿ ಬಾಣದ ಮೇಲೂ ಕಾದ ಮೊಳೆಯಿಂದ ನನ್ನ ಗುರುತು ಸುಡುತ್ತೇನೆ. ಇವುಗಳ ಮೇಲೆ ಬೇಡ ಅನ್ನಿಸಿತು. ಕೆಂಪು ಇರಬಾರದ ಕಡೆ ಕೆಂಪಿಟ್ಟ ಬಾಣ ನನ್ನದು ಅಂತ ಯಾಕೆ ಹೇಳಿಕೊಳ್ಳಲಿ? ಮೊಳೆ ತಣ್ಣಗಾಯಿತು, ಮತ್ತೆ ಕಾಯಿಸಿ, ಕೊನೆಗೆ ಗುರುತು ಸುಟ್ಟೆ. ಗುರುತಿಲ್ಲದಿದ್ದರೆ ಅವಳು ಬೇರೆಯವನ ಬಾಣ ಅಂದುಕೊಂಡಾಳು.

ಜೂನ್ 24, ಮಂಗಳವಾರ

ಬಾಣಗಳನ್ನು ನಾನೇ ಒಯ್ದು ಕೊಟ್ಟೆ. ಅವಳು ಒಂದನ್ನು ಕಣ್ಣಿಗೆ ಹಿಡಿದು ತಿರುಗಿಸಿದಳು. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಇದೇನೋ, ಕೆಂಪು ಓರೆಯಾಗಿ ಕೂತಿದೆ?"

"ಅದೇ ಅಕ್ಕ ತಪ್ಪಾಗಿದ್ದು." ಈ ವಾಕ್ಯ ಹೇಳಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. "ಎಡಗೈಗೆ ಹೀಗೆ ಕೂರಿಸಬೇಕಿತ್ತು. ನನ್ನ ಲೆಕ್ಕ ತಪ್ಪಿತ್ತು."

"ನಾನು ಹೇಳ್ಲಿಲ್ವಾ ಬಾಣದ್ದೇ ಅಂತ!"

"ಹೇಳಿದ್ದೆ."

"ನನ್ನ ಕೈಯದು ತಪ್ಪು ಅಂದೆ ನೀನು."

"ಅಂದೆ. ತಪ್ಪು ನಂದೇ."

"ಇಷ್ಟು ದಿನ ಒಪ್ಕೊಳ್ಳೋಕೆ ಏನಾಗಿತ್ತೋ ನಿಂಗೆ? ಚಿಕ್ಕಂದಿನಿಂದ ಹೀಗೇ, ಹಠಮಾರಿ."

ನಾನು ಹಠಮಾರಿ! ಕೆಳಗೆ ಬಂದು ಒಂದು ತಂಬಿಗೆ ನೀರು ಒಂದೇ ಗುಟುಕಿಗೆ ಕುಡಿದೆ.

ಜೂನ್ 29, ಭಾನುವಾರ

ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರ್ಯದರ್ಶಿಯ ಭಾಮೈದ ಹೊಸ ಬೂಟು ಹಾಕಿಕೊಂಡು ಬಂದಿದ್ದ. ನಾನು ಈ ಸಲ ತೊಟ್ಟಿಯ ಹಿಂದೆ ಬಗ್ಗಲಿಲ್ಲ, ಮುಂದೆಯೇ ನಿಂತೆ.

ಅಕ್ಕ ಪಟ್ಟಿ ಬಿಗಿದುಕೊಂಡಳು. ಹಲ್ಲಿನಿಂದ ಗಂಟೆಳೆದದ್ದನ್ನು ಕಂಡು ಯಾರೋ ಕಿಸಕ್ಕೆಂದರು, ಯಾರು ಅಂತ ನೋಡಿಟ್ಟುಕೊಂಡಿದ್ದೇನೆ. ಹೆಬ್ಬೆರಳು ಕಡ್ಡಿಯನ್ನು ಸವರಿತು. ಕೆಂಪು ಎಡಕ್ಕೆ, ಟಕ್. ಬಾಣ ಹೋಯಿತು, ಬಾಲ ಅಲುಗಿಸದೆ ಹೋಗಿ ಹಲಗೆಯಲ್ಲಿ ನಿಂತಿತು. ನಡುವಿನಲ್ಲಲ್ಲ, ಸ್ವಲ್ಪ ಕೆಳಗೆ. ಎರಡನೆಯದು ಅದರ ಪಕ್ಕದಲ್ಲಿ. ಮೂರನೆಯದು ಆ ಎರಡನ್ನೂ ಒತ್ತಿಕೊಂಡು. ಹೊಡೆಯುತ್ತಾ ಹೋದ ಹಾಗೆ ಅವಳ ಹೆಗಲು ಇಳಿಯಿತು, ಮುಖ ಬಿಚ್ಚಿಕೊಂಡಿತು. ಕೊನೆಯ ಬಾಣ ಬಿಡುವಾಗ ಅವಳು ನನ್ನ ಹಳೆಯ ಅಕ್ಕನೇ ಆಗಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಬಿಸಿಲು ಎದುರಿಗಿತ್ತು, ಅದೂ ಒಂದು ಕಾರಣ.

ಸಮಿತಿಯವರು ತಲೆಯಾಡಿಸಿದರು. ಮಾತು ಮುಗಿಯಿತು, ಅಕ್ಕನೇ ಕಲಿಸುವವಳು. ಕಾರ್ಯದರ್ಶಿಗೆ ತಡೆಯಲಾಗಲಿಲ್ಲ.

"ಅಂತೂ ಬಾಣದವರು ಬಾಣ ಮಾಡೋದು ಕಲಿತ್ರು" ಅಂದ. ಸುತ್ತಲಿದ್ದವರೆಲ್ಲ ನಕ್ಕರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತಿರುಗಿ ನಿಂತಿದ್ದಳು. "ನಗೋದು ನಿಲ್ಸಿ. ನನ್ನ ತಮ್ಮ ತಪ್ಪು ಮಾಡ್ದ, ಬಂದು ನನ್ನ ಮುಂದೆ ನಿಂತು ತಪ್ಪು ನಂದು ಅಂತ ಒಪ್ಕೊಂಡ. ಆ ಗೇಟಿನ ಕೊಕ್ಕೆ ಮುರಿದಿದೆ ಅಂತ ನಾನು ನಿಮಗೆ ಎಷ್ಟು ಸಲ ಹೇಳಿದ್ದೆ ಕಾರ್ಯದರ್ಶಿಗಳೇ? ನನ್ನ ಬೆರಳು ಹೋಗಿ ಇಷ್ಟು ತಿಂಗಳಾಯ್ತು. ತಪ್ಪು ನಮ್ಮದು ಅಂತ ನಿಮ್ಮಲ್ಲಿ ಒಬ್ಬರು ಬಂದು ಹೇಳಿದ್ರಾ? ಅವನ ದೊಡ್ಡ ಮನಸ್ಸಿನ ಎದುರು ನೀವು ಎಲ್ಲಿ?"

ಕಾರ್ಯದರ್ಶಿ ಬೂಟಿನ ಕಡೆ ನೋಡಿದ, ತನ್ನದಲ್ಲ, ಭಾಮೈದನದು.

ಮಾಡದ ತಪ್ಪಿಗೆ ಈ ಹೊಗಳಿಕೆ! ಇಷ್ಟು ವರ್ಷ ಸರಿಯಾದ ಬಾಣ ಮಾಡಿಕೊಟ್ಟಾಗ ಒಂದು ಒಳ್ಳೆಯ ಮಾತಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ನಗುತ್ತಲೇ ಬಂದಳು. ನನಗೇನೂ ನಗು ಬರಲಿಲ್ಲ.

ಜುಲೈ 8, ಮಂಗಳವಾರ

ಅಂಗಳದಲ್ಲಿ ಈಗ ಎಡಗೈಯವರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಅಕ್ಕನೇ ಎಡಗೈಯಲ್ಲಿ ಹೊಡೆಯುವಾಗ ಬೇಡ ಅನ್ನಲು ಯಾರಿಗೆ ಬಾಯಿದೆ? ಮೊದಲು ಸೇರಿದವಳು ಪೇಟೆಬೀದಿಯ ದರ್ಜಿ. ಕತ್ತರಿ, ಸೂಜಿ ಎಲ್ಲವೂ ಎಡಗೈಯಲ್ಲೇ. ಇವತ್ತು ಮಧ್ಯಾಹ್ನ ಬಾಣಕ್ಕೆ ಹೇಳಲು ಬಂದಳು. ಅಕ್ಕನಿಗೆ ಮಾಡಿಕೊಟ್ಟಂಥದ್ದೇ 'ಎಡಗೈ ಬಾಣ' ಬೇಕಂತೆ. ಅಂಥದ್ದೊಂದು ಬಾಣ ಈ ಭೂಮಿಯ ಮೇಲೆ ಇದೆ ಅಂತ ಈಗ ಊರೆಲ್ಲ ನಂಬಿದೆ. ಪಕ್ಕದೂರಿನವರೂ ಹೇಳಿಕಳಿಸಿದ್ದಾರೆ.

ಮೇಜಿನ ಮೇಲಿದ್ದ ಒಂದನ್ನು ಅವಳು ಎತ್ತಿಕೊಂಡು, ಬಟ್ಟೆಯ ನೇಯ್ಗೆ ನೋಡುವ ಹಾಗೆ ತಿರುಗಿಸಿ ನೋಡಿದಳು. ಗೋಡೆಗೆ ಒರಗಿಸಿದ್ದ ಬಿಲ್ಲಿಗೆ ಅದನ್ನು ಹೂಡಿದಳು. ಒಮ್ಮೆ ಹೀಗೆ, ಒಮ್ಮೆ ಹಾಗೆ.

"ಅಣ್ಣಾ, ಒಂದ್ಮಾತು ಕೇಳ್ಲಾ? ಈ ಒಂಟಿ ಗರಿ ಬಿಲ್ಲಿಗೆ ತಾಗ್ಬಾರ್ದು ಅಂತ ತಾನೆ ಇಷ್ಟೆಲ್ಲ?"

"ಹೌದು."

"ಹಾಗಾದ್ರೆ ಈ ಹೊಸ ಲೆಕ್ಕ ಯಾಕೆ? ಮಾಮೂಲಿ ಬಾಣನೇ ತಗೊಂಡು ಕೆಂಪನ್ನ ಬಲಕ್ಕೆ ತಿರುಗಿಸ್ಕೊಂಡ್ರೆ ಸಾಕಲ್ವಾ? ನಿಮ್ಮ ಮೊದಲಿನ ಬಾಣಗಳಲ್ಲಿ ಏನೂ ತಪ್ಪೇ ಇರ್ಲಿಲ್ಲ ಅನ್ಸತ್ತೆ. ಮೇಡಂ ಹೂಡಿದ್ದೇ—"

ನಾನು ಅವಳ ಕೈಯಿಂದ ಬಾಣ ಕಿತ್ತುಕೊಂಡೆ.

"ನೋಡಮ್ಮ, ನೀನು ಬಟ್ಟೆ ಹೊಲಿಯೋಳು. ಬಾಣ ನನಗೆ ಬಿಡು. ಮೊದಲಿನ ಬಾಣ ತಪ್ಪಾಗಿತ್ತು, ಮಾಡಿದೋನು ನಾನು, ನನಗೆ ಗೊತ್ತಿಲ್ವಾ? ಅಂಗಳದಲ್ಲಿ ಕೆಂಪು ಗರಿ ಎಡಕ್ಕೇ. ಅಕ್ಕ ಹಾಗೆ ಹೇಳಿದ ಮೇಲೆ ಹಾಗೇ. ಬೇರೆ ಥರ ಹೂಡೋದಾದ್ರೆ ಬೇರೆ ಕಡೆ ಬಾಣ ಕೊಂಡ್ಕೋ."

ಅವಳು ಹೆದರಿ, "ಆಯ್ತಣ್ಣಾ, ಹಾಗೇ ಮಾಡ್ಕೊಡಿ" ಅಂದು ಹೊರಟಳು. ಹೋಗುವಾಗ ನನ್ನನ್ನು ನೋಡಿದ ನೋಟದಲ್ಲಿ, ಪಾಪ, ಈ ಮುದುಕನಿಗೆ ಕಸುಬು ಸರಿಯಾಗಿ ಬರುವುದಿಲ್ಲ ಅನ್ನುವುದು ಎದ್ದು ಕಾಣುತ್ತಿತ್ತು.

ಆಗಿನಿಂದ ಮೈಯೆಲ್ಲ ಉರಿಯುತ್ತಿದೆ. ಎಷ್ಟು ಧೈರ್ಯ ನೋಡಿ! ಮೊನ್ನೆ ಮೊನ್ನೆ ಬಿಲ್ಲು ಹಿಡಿದವಳು ನನ್ನ ಅಕ್ಕನಿಗೆ ಬಾಣ ಹೂಡುವುದು ಗೊತ್ತಿಲ್ಲ ಅನ್ನುತ್ತಾಳೆ.